ಕಸೂತಿಯ ಉಪಾಧ್ಯಾಯಿನಿ ಸೋಫೀ ಟಾಯ್ಬರ್-ಆರ್ಪ್

ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ದಾದಿಯರ, ವೈದ್ಯರ, ರಾಣಿಯರ ಚರಿತ್ರೆಗಳು ಅಚ್ಚಾಗುವುದು ವಾಡಿಕೆ. ಅವುಗಳನ್ನು ಓದಿ ನಮ್ಮ ಬಾಲಿಕೆಯರು ಧೈರ್ಯವನ್ನೂ ಸೇವಾಬುದ್ಧಿಯನ್ನೂ ಕಲಿತಿದ್ದಾರೆ. ಈ ಸಂಚಿಕೆಗೆ ನಾವು ಆರಿಸಿಕೊಂಡಿರುವ ಸ್ತ್ರೀಯಾದರೋ ರಣರಂಗದಲ್ಲಿ ದೀಪ ಹಿಡಿದವಳಲ್ಲ, ಸಿಂಹಾಸನದ ಮೇಲೆ ಕುಳಿತವಳೂ ಅಲ್ಲ. ಈಕೆಯು ಹದಿಮೂರು ವರ್ಷ ಕಾಲ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಕಸೂತಿಯನ್ನೂ ನೇಯ್ಗೆಯ ಚಿತ್ರಕ್ರಮವನ್ನೂ ಕಲಿಸಿದ ಉಪಾಧ್ಯಾಯಿನಿ. ಆದರೂ ಆಕೆಯ ದೇಶವು ಆಕೆಯ ಮುಖವನ್ನು ತನ್ನ ನಾಣ್ಯದ ನೋಟಿನ ಮೇಲೆ ಅಚ್ಚೊತ್ತಿತು.

ಈ ಚರಿತ್ರೆಯನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಹೊಲಿಗೆ, ಹೆಣಿಗೆ, ಕ್ರೋಶೆ ಇವುಗಳಿಗೆ ವಾರದಲ್ಲಿ ಮೀಸಲಾದ ಗಂಟೆಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಡಬಾರದೇಕೆ ಎಂದು ಕೆಲವು ತಾಯಿತಂದೆಗಳು ನಮ್ಮನ್ನು ಕೇಳುತ್ತಿರುತ್ತಾರೆ. ಅವರ ಚಿಂತೆಯು ನ್ಯಾಯವಾದದ್ದೇ. ಮಗಳ ಪರೀಕ್ಷೆಯೂ ಮುಂದಿನ ಉದ್ಯೋಗವೂ ಅವರ ಕಣ್ಣ ಮುಂದೆ ಇವೆ. ಆದರೆ ಸೂಜಿಯ ಕೆಲಸವು ಬುದ್ಧಿಗೆ ಬಿಡುವು ಕೊಡುವ ಕೆಲಸ ಎಂಬ ಮಾತಿಗೆ ಮಾತ್ರ ನಾವು ಒಪ್ಪಲಾರೆವು. ಯಾಕೆ ಒಪ್ಪಲಾರೆವೆಂಬುದನ್ನು ಸೋಫೀ ಟಾಯ್ಬರಳ ಜೀವನವೇ ಹೇಳಲಿ.

ಸೋಫೀಯು 1889ನೆಯ ಇಸವಿ ಜನವರಿ 19ನೆಯ ತಾರೀಕು ಸ್ವಿಟ್ಜರ್ಲೆಂಡಿನ ದಾವೋಸ್ ಎಂಬ ಬೆಟ್ಟದೂರಿನಲ್ಲಿ ಹುಟ್ಟಿದಳು. ತಂದೆ ಎಮಿಲ್ ಟಾಯ್ಬರ್ ಔಷಧ ವ್ಯಾಪಾರಿ. ಮಗಳು ಇನ್ನೂ ಎಳೆಯ ಕೂಸಾಗಿರುವಾಗಲೇ ಆತನು ಕ್ಷಯರೋಗದಿಂದ ತೀರಿಕೊಂಡನು. ವಿಧವೆಯಾದ ತಾಯಿಯು ಎದೆಗುಂದಲಿಲ್ಲ. ಮಕ್ಕಳನ್ನು ಕರೆದುಕೊಂಡು ಆಪ್ಪೆನ್‌ಸೆಲ್ ಸೀಮೆಯ ಟ್ರೋಗನ್ ಎಂಬ ಊರಿಗೆ ಹೋಗಿ, ಅಲ್ಲಿ ಮನೆ ಕಟ್ಟಿಸಿ, ಊಟ ವಸತಿಗಳನ್ನು ಒದಗಿಸುವ ಒಂದು ತಂಗುಮನೆಯನ್ನು ನಡಿಸಿ ಸಂಸಾರವನ್ನು ಸಾಗಿಸಿದಳು. ಚಿತ್ರ ಬರೆಯುವುದರಲ್ಲಿಯೂ ಛಾಯಾಚಿತ್ರ ತೆಗೆಯುವುದರಲ್ಲಿಯೂ ಕೈಗೆಲಸದಲ್ಲಿಯೂ ಆಕೆಗೆ ಆಸಕ್ತಿಯಿತ್ತು. ತಾಯಿಯ ಮಗ್ಗುಲಲ್ಲಿ ಕುಳಿತು ಕಲಿತದ್ದೇ ಸೋಫೀಯ ಮೊದಲ ಪಾಠ. ಆ ತಾಯಿಯೂ 1908ರಲ್ಲಿ ತೀರಿಹೋದಳು. ಹತ್ತೊಂಬತ್ತರ ಹುಡುಗಿಗೆ ಉಳಿದದ್ದು ಒಡಹುಟ್ಟಿದವರ ಆಸರೆಯೂ ಕೈಯಲ್ಲಿನ ಕಸುಬೂ ಮಾತ್ರ.

ಆ ಸೀಮೆಯ ಸ್ಥಿತಿಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಟ್ರೋಗನಿಗೆ ಸಮೀಪವಾದ ಸೇಂಟ್ ಗಾಲನ್ ನಗರವು ಆಗ ಲೋಕಕ್ಕೆಲ್ಲಾ ಕಸೂತಿಯನ್ನೂ ಲೇಸನ್ನೂ ಕಳುಹಿಸುತ್ತಿತ್ತು. 1910ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ರಫ್ತುಗಳಲ್ಲೆಲ್ಲಾ ಕಸೂತಿಯೇ ಅತಿ ದೊಡ್ಡದಾಗಿತ್ತು. ಗಡಿಯಾರಕ್ಕೆ ಹೆಸರಾದ ಆ ದೇಶದಲ್ಲಿ ಹೀಗಿತ್ತೆಂದರೆ ನಮ್ಮ ಓದುಗರಿಗೆ ಆಶ್ಚರ್ಯವಾದೀತು. ಯಂತ್ರಗಳು ಕಸೂತಿ ಹಾಕುತ್ತಿದ್ದವು. ಆದರೆ ಯಂತ್ರಕ್ಕೆ ಚಿತ್ರವನ್ನು ಮನುಷ್ಯರೇ ಬರೆದುಕೊಡಬೇಕಾಗಿತ್ತು. ಅದಕ್ಕಾಗಿ ಆ ನಗರದಲ್ಲಿ ಚಿತ್ರಶಾಲೆಗಳಿದ್ದವು. ಸೋಫೀಯು 1910ರ ವರೆಗೆ ಅಲ್ಲಿ ಕಲಿತಳು.

ಮುಂದಿನ ವಿದ್ಯೆಗಾಗಿ ಆಕೆಯು 1911ರಲ್ಲಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದಳು. ಅಲ್ಲಿಯ ಪ್ರಸಿದ್ಧ ಚಿತ್ರಕಲಾ ಅಕಾಡೆಮಿಯು ಆ ಕಾಲದಲ್ಲಿ ಹೆಂಗಸರಿಗೆ ಬಾಗಿಲು ತೆರೆದಿರಲಿಲ್ಲ. ಆದಕಾರಣ ಸ್ತ್ರೀಪುರುಷರನ್ನು ಒಟ್ಟಿಗೆ ಕಲಿಸುತ್ತಿದ್ದ ಡೆಬ್‌ಶಿಟ್ಸ್ ಎಂಬವರ ಶಾಲೆಯನ್ನು ಸೇರಿದಳು. ಆ ಶಾಲೆಯ ನಿಯಮ ವಿಶೇಷವಾದದ್ದು. ಚಿತ್ರವು ಮೇಲು, ಕೈಗೆಲಸವು ಕೀಳು ಎಂಬ ಭೇದವನ್ನು ಅಲ್ಲಿ ಮಾಡುತ್ತಿರಲಿಲ್ಲ. ಬಟ್ಟೆಯ ಕೆಲಸದೊಂದಿಗೆ ಸೋಫೀಯು ಅಲ್ಲಿ ಮರವನ್ನು ಕಡೆಯುವ ಚರಕಿಯ ಕೆಲಸವನ್ನೂ ಅಭ್ಯಾಸ ಮಾಡಿದಳು. ನಡುವೆ ಒಂದು ವರ್ಷ ಹ್ಯಾಂಬರ್ಗಿನ ಕಲಾಕೈಗಾರಿಕೆಯ ಶಾಲೆಯಲ್ಲಿದ್ದು, ಪುನಃ ಮ್ಯೂನಿಕಿಗೆ ಬಂದಳು. 1914ರಲ್ಲಿ ಮಹಾಯುದ್ಧವು ಆರಂಭವಾದಾಗ ತಾಯ್ನಾಡಿಗೆ ಹಿಂತಿರುಗಿ ಝೂರಿಕ್ ನಗರದಲ್ಲಿ ನೆಲಸಿದಳು.

ಅಲ್ಲಿ 1915ರ ನವೆಂಬರಿನಲ್ಲಿ ಒಂದು ಕಲಾಪ್ರದರ್ಶನದಲ್ಲಿ ಆಕೆಗೆ ಹಾನ್ಸ್ ಆರ್ಪ್ ಎಂಬ ಕವಿಯೂ ಶಿಲ್ಪಿಯೂ ಆದ ಯುವಕನ ಪರಿಚಯವಾಯಿತು. ಇಬ್ಬರೂ ಸೇರಿ ಕಾಗದವನ್ನು ಕತ್ತರಿಸಿ ಅಂಟಿಸಿದರು, ಬಟ್ಟೆಯ ಮೇಲೆ ಕಸೂತಿ ಹಾಕಿದರು. ಒಂದು ಕೃತಿಯಲ್ಲಿ ಯಾರ ಕೈ ಎಷ್ಟು ಎಂಬ ಲೆಕ್ಕವನ್ನು ಇಡಲಿಲ್ಲ. 1922ರಲ್ಲಿ ಅವರ ವಿವಾಹವಾಯಿತು. ಆದರೆ ಸಂಸಾರದ ಖರ್ಚಿಗೆ ಬಹುಕಾಲದ ವರೆಗೆ ಆಧಾರವಾಗಿದ್ದದ್ದು ಸೋಫೀಯ ಸಂಬಳವೇ.

ಆ ಸಂಬಳವು ಬಂದದ್ದು ಝೂರಿಕಿನ ಕಲಾಕೈಗಾರಿಕೆಯ ಶಾಲೆಯಿಂದ. 1916ರಿಂದ 1929ರ ವರೆಗೆ ಆಕೆಯು ಅಲ್ಲಿ ಬಟ್ಟೆಗೆಲಸದ ತರಗತಿಯ ಉಪಾಧ್ಯಾಯಿನಿಯಾಗಿದ್ದಳು. ತರಗತಿಗೆ ಬರುತ್ತಿದ್ದವರು ಬಹುಮಟ್ಟಿಗೆ ಹುಡುಗಿಯರು. ಕಸೂತಿಯ ಉದ್ಯಮದಲ್ಲಿಯೋ ಹೊಲಿಗೆಯ ಅಂಗಡಿಯಲ್ಲಿಯೋ ಜೀವನೋಪಾಯವನ್ನು ಹುಡುಕಬೇಕಾಗಿದ್ದವರು. ಹೂವಿನ ಬಳ್ಳಿಗಳನ್ನು ಹಳೆಯ ಪುಸ್ತಕಗಳಿಂದ ನೋಡಿ ಬರೆಯುವುದು ಆಗಿನ ಕ್ರಮ. ಸೋಫೀಯು ಅವರಿಗೆ ಚೌಕ, ವೃತ್ತ, ಗೆರೆ ಇವುಗಳಿಂದ ಪ್ರಾರಂಭಿಸಲು ಕಲಿಸಿದಳು. ಯಾವ ವಸ್ತುವಿಗೆ ಚಿತ್ರವೋ ಆ ವಸ್ತುವಿನ ಗುಣವನ್ನು ಮೊದಲು ತಿಳಿಯಬೇಕು, ನೂಲಿಗೆ ಒಗ್ಗುವುದು ಬೇರೆ, ಮರಕ್ಕೆ ಒಗ್ಗುವುದು ಬೇರೆ ಎಂಬುದು ಆಕೆಯ ಪಾಠದ ತಿರುಳು. 1922ರಲ್ಲಿ ಈ ವಿಷಯವಾಗಿ ಒಂದು ಲೇಖನವನ್ನು ಬರೆದಳು. ಯಂತ್ರಗಳ ಈ ಯುಗದಲ್ಲಿ ಅಲಂಕಾರದ ಕೆಲಸವನ್ನು ಕಲಿಸುವುದೇಕೆಂಬ ಪ್ರಶ್ನೆಯನ್ನು ಅದರಲ್ಲಿ ತಾನೇ ಎತ್ತಿ, ತನ್ನದಾದ ವಸ್ತುವನ್ನು ಚೆಂದಗೊಳಿಸಬೇಕೆಂಬ ಆಸೆಯು ಮನುಷ್ಯರಲ್ಲಿ ಬೇರೂರಿದ್ದೆಂದು ಉತ್ತರ ಹೇಳಿದಳು. 1927ರಲ್ಲಿ ಬ್ಲಾಂಷ್ ಗೋಷಾ ಎಂಬಾಕೆಯೊಂದಿಗೆ ಕೂಡಿ ಬಟ್ಟೆಗೆಲಸದವರಿಗೆ ಚಿತ್ರ ಕಲಿಸುವ ಕ್ರಮವನ್ನು ಕುರಿತು ಒಂದು ಕೈಪಿಡಿಯನ್ನೂ ಪ್ರಕಟಿಸಿದಳು.

ಪಾಠದ ಹೊರಗೆ ಆಕೆಯು ತನ್ನ ಕೈಯಿಂದ ಮಾಡಿದ ವಸ್ತುಗಳನ್ನು ಈಗ ನೋಡೋಣ. ಮೊದಲನೆಯದು ಉಣ್ಣೆಯ ನೂಲಿನ ಎಣಿಕೆ ಕಸೂತಿ. ಧಾರವಾಡದ ಕಡೆಯ ನಮ್ಮ ಓದುಗರು ಮೆಂತಿ ಎಂದು ಕರೆಯುವ ಅಡ್ಡಹೊಲಿಗೆಯನ್ನು ಹೋಲುವಂಥದು. ಬಟ್ಟೆಯ ಎಳೆಗಳು ಅಡ್ಡಕ್ಕೂ ಉದ್ದಕ್ಕೂ ಓಡುತ್ತವೆ, ಆದಕಾರಣ ಹೊಲಿಗೆಯೂ ಚೌಕವಾಗಿಯೇ ಕೂರುತ್ತದೆ. ಈ ಕಟ್ಟನ್ನು ಅನೇಕರು ಕಸೂತಿಯ ಕೊರತೆ ಎಂದು ಎಣಿಸಿ, ಗುಲಾಬಿಯ ದುಂಡನ್ನು ಹೇಗೋ ತರಲು ಹೆಣಗುತ್ತಾರೆ. ಸೋಫೀಯು ಆ ಕಟ್ಟಿಗೇ ಮನಸ್ಸು ಕೊಟ್ಟಳು. ಅಡ್ಡ ಉದ್ದದ ಚೌಕಗಳನ್ನು ಬಣ್ಣಗಳ ತೂಕ ನೋಡಿ ಜೋಡಿಸಿ, ಯಾವ ಹೂವನ್ನೂ ಯಾವ ಹಕ್ಕಿಯನ್ನೂ ಹೋಲದ ಚಿತ್ರಗಳನ್ನು 1916ರ ಸುಮಾರಿನಿಂದಲೇ ಮಾಡತೊಡಗಿದಳು. ಇಂತಹ ಚಿತ್ರಗಳನ್ನು ಬರೆದ ದೊಡ್ಡ ದೊಡ್ಡ ವರ್ಣಚಿತ್ರಕಾರರು ಆ ಕಾಲದಲ್ಲಿ ಯೂರೋಪಿನಲ್ಲಿಯೇ ಕೆಲವರು ಮಾತ್ರ. ಈಕೆಯು ಅದೇ ಸ್ಥಳಕ್ಕೆ ಕಸೂತಿಯ ದಾರಿಯಿಂದ ಬಂದಳು.

ಎರಡನೆಯದು ಮಣಿಯ ಚೀಲಗಳು. ಹೆಂಗಸರು ಕೈಯಲ್ಲಿ ಹಿಡಿದು ಹೋಗುವ ಪುಟ್ಟ ಸಂಚಿಗಳು. ಸಾಸಿವೆಯಷ್ಟು ಸಣ್ಣ ಗಾಜಿನ ಮಣಿಗಳೂ ನೂಲೂ ಹುರಿಯೂ ಬಟ್ಟೆಯೂ ಸೇರಿ ಒಂದೊಂದು ಸಂಚಿಯಾಗುತ್ತದೆ. ಇಂತಹ ಚೀಲಗಳನ್ನು ಯೂರೋಪಿನಲ್ಲಿ ಹೆಣಿಗೆಯ ಕಡ್ಡಿಗಳಿಂದಲೂ ಕ್ರೋಶೆಯ ಕೊಕ್ಕೆಯಿಂದಲೂ ಪುಟ್ಟ ಮಗ್ಗದ ಮೇಲೂ ಮಾಡುವ ಹಳೆಯ ವಾಡಿಕೆಯುಂಟು. ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಕ್ರೋಶೆಯನ್ನು ಬಲ್ಲವರಾದುದರಿಂದ, ಮಣಿಯ ಕೆಲಸದ ಶ್ರಮವನ್ನು ಆ ರೀತಿಯಿಂದಲೇ ವಿವರಿಸುವೆವು.

ಮೊದಲು ಚಿತ್ರವನ್ನು ಚೌಕದ ಕಾಗದದ ಮೇಲೆ ಬರೆಯಬೇಕು. ಒಂದು ಚೌಕಕ್ಕೆ ಒಂದು ಮಣಿ. ಆಮೇಲೆ ಹೆಣೆಯುವುದಕ್ಕೆ ಮುಂಚೆಯೇ ಮಣಿಗಳನ್ನೆಲ್ಲಾ ನೂಲಿಗೆ ಪೋಣಿಸಿಕೊಳ್ಳಬೇಕು. ಕಡೆಯಲ್ಲಿ ಪೋಣಿಸಿದ ಮಣಿಯು ಮೊದಲು ಕೊಕ್ಕೆಗೆ ಬರುವುದರಿಂದ, ಚಿತ್ರವನ್ನು ತುದಿಯಿಂದ ಮೊದಲಿಗೆ ತಿರುವುಮುರುವಾಗಿ ಓದುತ್ತಾ ಪೋಣಿಸಬೇಕು. ಅನಂತರ ಸರಪಣಿಯ ಹೊಲಿಗೆಯಿಂದ ಒಂದು ಉಂಗುರವನ್ನು ಮಾಡಿ, ಸುತ್ತುಸುತ್ತಾಗಿ ಹೆಣೆಯುತ್ತಾ, ಒಂದೊಂದು ಕುಣಿಕೆಗೂ ಒಂದೊಂದು ಮಣಿಯನ್ನು ಜಾರಿಸಿ ಕಟ್ಟಬೇಕು. ಮಣಿಯು ಹೆಣೆಯುವವಳ ಕಣ್ಣಿನ ಎದುರು ನಿಲ್ಲದೆ ಹೆಣಿಗೆಯ ಆಚೆಯ ಮೈಯಲ್ಲಿ ನಿಲ್ಲುತ್ತದೆ. ಎಂದರೆ ಚಿತ್ರವು ಬೆಳೆಯುತ್ತಿರುವುದನ್ನು ಆಕೆ ಹಿಂದುಗಡೆಯಿಂದ ಊಹಿಸುತ್ತಲೇ ಹೋಗಬೇಕು. ಪೋಣಿಸುವಾಗ ಒಂದೇ ಒಂದು ಮಣಿ ಹೆಚ್ಚಾದರೆ, ಅಲ್ಲಿಂದಾಚೆಗಿನ ಚಿತ್ರವೆಲ್ಲಾ ಒಂದು ಮನೆ ಸರಿದು ಓರೆಯಾಗುತ್ತದೆ. ಆಗ ಹೆಚ್ಚಿನ ಮಣಿಯನ್ನು ಚಿಮುಟದಿಂದ ಒಡೆದು ತೆಗೆಯುವುದುಂಟು. ಒಂದು ಕಡಿಮೆಯಾದರೆ ನೂಲನ್ನು ಕತ್ತರಿಸಿ ಸೇರಿಸಿ ಗಂಟು ಹಾಕದೆ ಉಪಾಯವಿಲ್ಲ. ಇದು ಬುದ್ಧಿಗೆ ಬಿಡುವು ಕೊಡುವ ಕೆಲಸವೇ ಎಂದು ನಮ್ಮ ಓದುಗರೇ ಹೇಳಲಿ. ಎಣಿಕೆ, ಕ್ರಮ, ಹಿಂದುಮುಂದಿನ ಕಲ್ಪನೆ, ಕಣ್ಣಿಗೆ ಕಾಣದ್ದನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುವ ಶಕ್ತಿ ಇವೆಲ್ಲವೂ ಅದರಲ್ಲಿ ಅಡಗಿವೆ.

ಇನ್ನೊಂದು ಗುಣವನ್ನೂ ಹೇಳಬೇಕು. ಕ್ರೋಶೆಯ ಕುಣಿಕೆಯು ತಾನು ಮಾತ್ರ ನಿಲ್ಲುವುದಲ್ಲ, ಬೇರೊಂದನ್ನು ಹಿಡಿದು ನಿಲ್ಲಬಲ್ಲದು. ಮಣಿಯನ್ನು ಹಿಡಿಯುತ್ತದೆ, ಹುರಿಯನ್ನು ಒಳಗೆ ಅಡಗಿಸಿಕೊಳ್ಳುತ್ತದೆ, ತಂತಿಯನ್ನು ಸುತ್ತುತ್ತದೆ, ಬಟ್ಟೆಯ ಅಂಚಿಗೆ ಕಚ್ಚಿಕೊಳ್ಳುತ್ತದೆ. ಒಂದು ವಸ್ತುವಿಗೆ ಇನ್ನೊಂದನ್ನು ಜೋಡಿಸುವ ಧೈರ್ಯವನ್ನು ಇಂತಹ ಕೆಲಸವೇ ಕಲಿಸುತ್ತದೆ. ಸೋಫೀಯ ಮುಂದಿನ ಕೃತಿಗಳಲ್ಲಿ ಈ ಧೈರ್ಯವೇ ಎದ್ದು ಕಾಣುತ್ತದೆ.

1918ರಲ್ಲಿ ಝೂರಿಕಿನ ಬೊಂಬೆಯಾಟದ ರಂಗಕ್ಕಾಗಿ, ಇಟಲಿಯ ಗೋಟ್ಸಿ ಎಂಬ ನಾಟಕಕಾರನ ಜಿಂಕೆಯರಸನ ಕಥೆಗೆ ಬೊಂಬೆಗಳನ್ನು ಮಾಡಿಕೊಡಬೇಕೆಂದು ಆಕೆಯನ್ನು ಕೇಳಿಕೊಂಡರು. ಹಿಂದೆ ಕಲಿತಿದ್ದ ಕಡೆಗೆಲಸವು ಈಗ ಉಪಯೋಗಕ್ಕೆ ಬಂತು. ಉರುಳೆ, ಗೋಲ, ಆಲಿಕೆಗಳಂತೆ ಕಡೆದ ಮರದ ತುಂಡುಗಳನ್ನು ಲೋಹದ ಕೊಂಡಿಗಳಿಂದ ಪೋಣಿಸಿ, ಬಣ್ಣ ಬಳಿದು, ಬಟ್ಟೆಯ ಚೂರುಗಳನ್ನು ಉಡಿಸಿ ಬೊಂಬೆಗಳನ್ನು ಮಾಡಿದಳು. ಕೀಲುಗಳನ್ನು ಮರೆಮಾಡದೆ ಹಾಗೆಯೇ ತೋರಿಸಿದಳು. ಕಾವಲುಗಾರನ ಬೊಂಬೆಗೆ ಅನೇಕ ಕೈಗಳು, ಕೈಕೈಯಲ್ಲಿಯೂ ಆಯುಧ. ಆ ವರ್ಷ ಹಬ್ಬಿದ ಇನ್‌ಫ್ಲುಯೆಂಝಾ ಜ್ವರದ ಕಾರಣದಿಂದ ಆಟವು ಕೆಲವೇ ಸಾರಿ ನಡೆದು ನಿಂತುಹೋಯಿತು. ಬೊಂಬೆಗಳು ಮಾತ್ರ ಉಳಿದು ಝೂರಿಕಿನ ವಸ್ತುಸಂಗ್ರಹಾಲಯವನ್ನು ಸೇರಿವೆ.

ಅದೇ ವರ್ಷಗಳಲ್ಲಿ ಟೋಪಿ ಇಡುವ ಗೂಟದಂತೆ ತೋರುವ ಕೆಲವು ಮರದ ತಲೆಗಳನ್ನೂ ಕಡೆದಳು. 1920ರಲ್ಲಿ ಮಾಡಿದ ಒಂದು ತಲೆಗೆ ಬಣ್ಣದ ಚೌಕಗಳೇ ಕಣ್ಣುಮೂಗು, ತಂತಿಗೆ ಪೋಣಿಸಿದ ಗಾಜಿನ ಮಣಿಗಳೇ ಓಲೆ. ಒಂದಡಿಗೂ ಕಡಿಮೆ ಎತ್ತರದ ಆ ವಸ್ತುವನ್ನು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಶಿಲ್ಪವೆನ್ನಬೇಕೋ, ಚಿತ್ರವೆನ್ನಬೇಕೋ, ಮಣಿಗೆಲಸವೆನ್ನಬೇಕೋ ತಿಳಿಯದು. ಮೂರೂ ಒಂದರಲ್ಲಿ ಬೆರೆತಿವೆ.

ಆ ಕಾಲದ ಝೂರಿಕಿನಲ್ಲಿ ಯುದ್ಧದಿಂದ ಬೇಸತ್ತ ಕವಿಗಳೂ ಕಲಾವಿದರೂ ಡಾಡಾ ಎಂಬ ಹೆಸರಿನಿಂದ ಗುಂಪು ಕಟ್ಟಿ, ವಿಚಿತ್ರವಾದ ಸಭೆಗಳನ್ನು ನಡಿಸುತ್ತಿದ್ದರು. ನೃತ್ಯವನ್ನೂ ಅಭ್ಯಾಸ ಮಾಡಿದ್ದ ಸೋಫೀಯು 1917ರಲ್ಲಿ ಅವರ ಸಭೆಯಲ್ಲಿ ಮುಖವಾಡ ಧರಿಸಿ ಕುಣಿದಳು. ಶಾಲೆಯವರಿಗೆ ಆ ಸಹವಾಸವು ರುಚಿಸುತ್ತಿರಲಿಲ್ಲ. ಸಂಜೆಯ ಸಭೆ ಹೇಗೇ ಇರಲಿ, ಮರುದಿನ ತರಗತಿಗೆ ಹೋಗಬೇಕಾದ ಹೊರೆಯು ಆ ಗುಂಪಿನ ಗಂಡಸರಿಗಿರಲಿಲ್ಲ, ಆಕೆಗೆ ಇತ್ತು.

ಸೂಜಿಯಲ್ಲಿ ಪಳಗಿದ ಕೈಗೆ ಗೋಡೆಯನ್ನು ವಶಪಡಿಸಿಕೊಳ್ಳುವ ಅವಕಾಶವು 1926ರಲ್ಲಿ ಬಂತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓಬೆಟ್ ಎಂಬ ಹದಿನೆಂಟನೆಯ ಶತಮಾನದ ದೊಡ್ಡ ಕಟ್ಟಡವಿದೆ. ಅದರೊಳಗೆ ಕಾಫಿಶಾಲೆ, ಚಹಾಶಾಲೆ, ನೃತ್ಯಶಾಲೆಗಳನ್ನು ಏರ್ಪಡಿಸುವ ಕೆಲಸವು ಸೋಫೀಗೆ ದೊರೆಯಿತು. ಆಕೆಯು ತನ್ನ ಪತಿಯನ್ನೂ ಹಾಲೆಂಡಿನ ಥಿಯೋ ಫಾನ್ ಡೂಸ್‌ಬರ್ಗ್ ಎಂಬ ಕಲಾವಿದನನ್ನೂ ಜೊತೆಗೆ ಸೇರಿಸಿಕೊಂಡಳು. ಚಹಾಶಾಲೆಯ ಗೋಡೆಗಳನ್ನು ನೋಡಿದವರಿಗೆ ಹತ್ತು ವರ್ಷದ ಹಿಂದಿನ ಉಣ್ಣೆಯ ಕಸೂತಿಯ ನೆನಪು ಬಾರದಿರದು. ಅದೇ ಅಡ್ಡ ಉದ್ದದ ಚೌಕಗಳು, ಅದೇ ಬಣ್ಣಗಳ ತೂಕ, ಅಂಗೈಯಗಲದ ಬಟ್ಟೆಯಿಂದ ಗೋಡೆಯಗಲಕ್ಕೆ ಬೆಳೆದು ನಿಂತಿದ್ದವು. 1928ರ ಫೆಬ್ರವರಿಯಲ್ಲಿ ಆ ಕೋಣೆಗಳು ತೆರೆಯಲ್ಪಟ್ಟವು. ಊರಿನವರಿಗೆ ಅವು ಹಿಡಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಮಾಲೀಕರು ಚಿತ್ರಗಳನ್ನು ಮುಚ್ಚಿಸಿಬಿಟ್ಟರು. ಬಹಳ ಕಾಲದ ಮೇಲೆ ಹಳೆಯ ಕುರುಹುಗಳನ್ನು ಹುಡುಕಿ, 1994ರಲ್ಲಿಯೂ 2006ರಲ್ಲಿಯೂ ಕೆಲವು ಕೋಣೆಗಳನ್ನು ಮೊದಲಿನಂತೆ ಮಾಡಿದರು.

ಅದೇ ಸಮಯಕ್ಕೆ ಪ್ಯಾರಿಸಿನ ಹತ್ತಿರ ಮ್ಯೂಡಾನ್ ಕ್ಲಾಮಾರ್ ಎಂಬಲ್ಲಿ ತಾವಿಬ್ಬರೂ ವಾಸಿಸಿ ಕೆಲಸ ಮಾಡತಕ್ಕ ಮನೆಯೊಂದರ ನಕ್ಷೆಯನ್ನು ಆಕೆಯೇ ಬರೆದು, ಆ ಪ್ರದೇಶದ ಒರಟು ಕಲ್ಲಿನಿಂದಲೇ ಕಟ್ಟಿಸಿದಳು. 1929ರಲ್ಲಿ ಶಾಲೆಯ ಕೆಲಸವನ್ನು ಬಿಟ್ಟು ಅಲ್ಲಿ ನೆಲಸಿ, ವರ್ಣಚಿತ್ರಗಳನ್ನೂ ಮರದ ಉಬ್ಬುಚಿತ್ರಗಳನ್ನೂ ಮಾಡಿದಳು. 1937ರಿಂದ 1939ರ ವರೆಗೆ ಒಂದು ಕಲಾಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿದಳು.

1940ರಲ್ಲಿ ಜರ್ಮನ್ ಸೈನ್ಯವು ಪ್ಯಾರಿಸಿನ ಮೇಲೆ ಬಂದಾಗ, ತಾನು ಕಟ್ಟಿಸಿದ ಮನೆಯನ್ನು ಬಿಟ್ಟು ದಕ್ಷಿಣದ ಗ್ರಾಸ್ ಎಂಬ ಊರಿಗೆ ಪತಿಯೊಂದಿಗೆ ಓಡಬೇಕಾಯಿತು. ಆ ಕಷ್ಟದ ದಿನಗಳಲ್ಲಿಯೂ ಕಾಗದ ಪೆನ್ಸಿಲುಗಳಿಂದ ಚಿತ್ರ ಬರೆಯುವುದನ್ನು ಬಿಡಲಿಲ್ಲ. 1942ರ ಕೊನೆಗೆ ಝೂರಿಕನ್ನು ಸೇರಿದರು. 1943ರ ಜನವರಿ 13ರ ರಾತ್ರಿ ಸ್ನೇಹಿತನಾದ ಮಾಕ್ಸ್ ಬಿಲ್ ಎಂಬವನ ಮನೆಯಲ್ಲಿ ಆಕೆಯು ಮಲಗಿದಳು. ಚಳಿಗಾಗಿ ಉರಿಸಿದ ಒಲೆಯ ಹೊಗೆಬಾಗಿಲು ಮುಚ್ಚಿತ್ತು. ವಿಷವಾಯುವು ಕೋಣೆಯನ್ನು ತುಂಬಿತು. ಬೆಳಿಗ್ಗೆ ಆಕೆಯು ಏಳಲಿಲ್ಲ. ಐವತ್ತನಾಲ್ಕು ವರ್ಷ ತುಂಬಲು ಇನ್ನು ಆರು ದಿನ ಉಳಿದಿತ್ತು.

ಆಕೆಯ ಮರಣಾನಂತರ ಬಹುಕಾಲ ಜನರು ಆಕೆಯನ್ನು ಹಾನ್ಸ್ ಆರ್ಪನ ಪತ್ನಿಯೆಂದೇ ಹೆಚ್ಚಾಗಿ ನೆನೆಸಿದರು. ವರ್ಣಚಿತ್ರಗಳನ್ನು ಲೆಕ್ಕಕ್ಕೆ ಹಿಡಿದವರೂ ಮಣಿಯ ಚೀಲವನ್ನೂ ದಿಂಬಿನ ಕವಚವನ್ನೂ ಹೆಂಗಸರ ಕೈಗೆಲಸವೆಂದು ಪಕ್ಕಕ್ಕಿಟ್ಟರು. ಒಂದೇ ಕೈ ಬಣ್ಣವನ್ನು ಹಿಡಿದರೆ ಕಲೆ, ನೂಲನ್ನು ಹಿಡಿದರೆ ಕಾಲಕ್ಷೇಪ ಎಂಬ ಈ ನ್ಯಾಯವು ವಿಚಿತ್ರವಾದದ್ದು. ಆದರೆ ಕಾಲವು ಅದನ್ನು ಮೆಲ್ಲಮೆಲ್ಲನೆ ತಿದ್ದಿತು. 1995ರಲ್ಲಿ ಸ್ವಿಟ್ಜರ್ಲೆಂಡ್ ದೇಶವು ತನ್ನ 50 ಫ್ರಾಂಕುಗಳ ನೋಟಿನ ಮೇಲೆ ಆಕೆಯ ಮುಖವನ್ನು ಅಚ್ಚು ಹಾಕಿಸಿತು. 2016ರಲ್ಲಿ ಹೊಸ ನೋಟು ಬರುವ ತನಕ ಆ ದೇಶದ ತರಕಾರಿ ಅಂಗಡಿಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಆ ಕಸೂತಿಯ ಉಪಾಧ್ಯಾಯಿನಿಯ ಮುಖವು ಕೈಯಿಂದ ಕೈಗೆ ನಡೆಯಿತು. 2021ರಲ್ಲಿ ಆಕೆಯ ಕೃತಿಗಳ ದೊಡ್ಡ ಪ್ರದರ್ಶನವು ಬಾಸೆಲಿನಲ್ಲಿ ಆರಂಭವಾಗಿ, ಲಂಡನಿಗೂ ನ್ಯೂಯಾರ್ಕಿಗೂ ಹೋಯಿತು. ಮಂಗಳೂರಿನಲ್ಲಿ ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳನ್ನು ನಡಿಸಿದ ಮಿಶನ್ನಿನ ಮೂಲಕ ನಮ್ಮ ನಾಡಿಗೆ ಹೆಸರು ತಿಳಿದಿರುವ ಬಾಸೆಲ್ ಅದೇ. ಅಲ್ಲಿ ಗೋಡೆಯ ಮೇಲೆ ವರ್ಣಚಿತ್ರವೂ ಗಾಜಿನ ಪೆಟ್ಟಿಗೆಯಲ್ಲಿ ಮಣಿಯ ಚೀಲವೂ ಸಮಾನ ಗೌರವದಿಂದ ಒಟ್ಟಿಗೆ ನಿಂತವು.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರ ಪೆಟ್ಟಿಗೆಯ ತಳದಲ್ಲಿ ಶಾಲೆಯಲ್ಲಿ ಹೆಣೆದ ಒಂದು ಮೇಜಿನ ಹೊದಿಕೆಯೋ, ಅರ್ಧಕ್ಕೆ ನಿಂತ ಒಂದು ಲೇಸೋ ಇನ್ನೂ ಇದ್ದೀತು. ಅದನ್ನು ಹೊರಗೆ ತೆಗೆಯಿರಿ. ಅದು ಮುಗಿದ ವಸ್ತುವೆಂದು ತಿಳಿಯದೆ, ಒಂದು ನೆಲಗಟ್ಟು ಎಂದು ತಿಳಿಯಿರಿ. ಹಳೆಯ ಸೀರೆಯ ಅಂಚು, ಒಡೆದ ಸರದ ಮಣಿ, ತಾಮ್ರದ ತಂತಿ, ಗುಂಡಿ ಇವುಗಳಲ್ಲಿ ಯಾವುದು ಅದರ ಮೇಲೆ ಒಗ್ಗೀತೆಂದು ನೋಡಿರಿ. ಎಲ್ಲವನ್ನೂ ಒಂದರ ಮೇಲೊಂದು ಹೇರಬೇಡಿರಿ. ಮೊದಲು ಚೌಕದ ಕಾಗದದ ಮೇಲೆ ಎಣಿಸಿ, ಆಮೇಲೆ ಕೊಕ್ಕೆಯನ್ನು ಹಿಡಿಯಿರಿ.

ತಾಯಿತಂದೆಗಳಿಗೆ ನಾವು ಹೇಳತಕ್ಕದ್ದು ಇಷ್ಟೇ. ನಿಮ್ಮ ಮಗಳು ಗಣಿತವನ್ನು ಚೆನ್ನಾಗಿ ಕಲಿಯಲಿ, ಅದರಲ್ಲಿ ನಮಗೂ ನಿಮ್ಮಷ್ಟೇ ಆಸೆಯುಂಟು. ಆದರೆ ವಾರಕ್ಕೊಂದು ಗಂಟೆ ಆಕೆಯು ನೂಲನ್ನು ಹಿಡಿದು ಕುಳಿತಾಗ, ಎಣಿಸುತ್ತಿದ್ದಾಳೆ, ಅಳೆಯುತ್ತಿದ್ದಾಳೆ, ತಪ್ಪಿದ್ದನ್ನು ಬಿಚ್ಚಿ ಪುನಃ ಕಟ್ಟುತ್ತಿದ್ದಾಳೆ ಎಂಬುದನ್ನು ನೆನಪಿನಲ್ಲಿಡಿರಿ. ಟ್ರೋಗನಿನ ಆ ವಿಧವೆಯು ತನ್ನ ಮಗಳ ಕೈಗೆ ಸೂಜಿಯನ್ನು ಕೊಟ್ಟಾಗ, ಅದು ಮುಂದೆ ಒಂದು ದೊಡ್ಡ ಕಟ್ಟಡದ ಗೋಡೆಗಳನ್ನು ಅಳೆದೀತೆಂದು ಬಲ್ಲವಳಾಗಿರಲಿಲ್ಲ. ನಮ್ಮ ಹುಡುಗಿಯರ ಕೈಯಲ್ಲಿರುವ ಕೊಕ್ಕೆಯು ಏನನ್ನು ಅಳೆಯಲಿದೆಯೋ ನಾವೂ ಅರಿಯೆವು. ಆದುದರಿಂದಲೇ ಆ ಗಂಟೆಯನ್ನು ನಾವು ಕಾಪಾಡಿಕೊಂಡು ಬಂದಿದ್ದೇವೆ, ಮುಂದೆಯೂ ಕಾಪಾಡುವೆವು.